ಬೆಳಂಬಾರ ಲೈವ್

ಯಾವ ರಾಕ್ ಬ್ಯಾಂಡಿನ ಹಳೆಯ ಲೈವ್ ಕ್ಯಾಸೆಟ್ ಕೈಗೆ ಸಿಕ್ಕರೂ ನಾನು ಮೊದಲು ಹುಡುಕುವುದು ಹಾಡನ್ನಲ್ಲ, ಕೆಮ್ಮನ್ನು. ನಗಬೇಡಿ. ಅಷ್ಟು ದೊಡ್ಡ ಮೈದಾನ, ಅಷ್ಟೊಂದು ಜನ, ರಾತ್ರಿಯ ಥಂಡಿ ಬೇರೆ. ಯಾರಾದರೊಬ್ಬ ಪುಣ್ಯಾತ್ಮ ಕೆಮ್ಮಿರಲೇಬೇಕಲ್ಲ? ಎರಡು ಹಾಡುಗಳ ನಡುವೆ ಆ ಕೆಮ್ಮು ಕೇಳಿಸಿತೋ, ಆ ಕ್ಯಾಸೆಟ್ಟಿನ ಮೇಲೆ ನನಗೆ ವಿಶ್ವಾಸ ಹುಟ್ಟುತ್ತದೆ. ಬರೀ ಚಪ್ಪಾಳೆ, ಬರೀ ಶಿಳ್ಳೆ ಇದ್ದರೆ ಇದನ್ನು ಆಮೇಲೆ ಕೂತು ಅಂಟಿಸಿದ್ದಾರೆ ಅನ್ನಿಸಿಬಿಡುತ್ತದೆ. ನನ್ನ ಹೆಂಡತಿಗೆ ಈ ಚಟ ಕಂಡರಾಗದು. "ಕೆಮ್ಮು ಕೇಳೂಕೆ ದುಡ್ಡು ಕೊಟ್ಟು ಕ್ಯಾಸೆಟ್ ತರಬೇಕಾ? ದೊಡ್ಡ ಆಸ್ಪತ್ರೆ ಬಾಗಿಲಲ್ಲಿ ಹೋಗಿ ಕೂತ್ಕಳಿ, ಪುಕ್ಕಟೆ ಸಿಕ್ತದೆ" ಅನ್ನುತ್ತಾಳೆ. ಬೆಳಂಬಾರದ ಕತೆ ಹೇಳದೆ ಈ ಚಟದ ಮೂಲ ಹೇಳುವುದು ಸಾಧ್ಯವಿಲ್ಲ.

ನನಗೆ ಈ ರಾಕ್ ಸಂಗೀತದ ಹುಚ್ಚು ಹತ್ತಿಸಿದವನು ಕಾರವಾರದ ಆಂತೋನ್. ಕಾಲೇಜಿನಲ್ಲಿ ನನ್ನ ಜತೆ ಓದಿದವನು. ಅವನ ಚಿಕ್ಕಪ್ಪ ಗೋವಾದಿಂದ ಬರುವಾಗಲೆಲ್ಲ ಯಾವ್ಯಾವುದೋ ವಿದೇಶಿ ಬ್ಯಾಂಡುಗಳ ಕ್ಯಾಸೆಟ್ ತರುತ್ತಿದ್ದರು. ಒಂದೇ ಹಾಡಿನ ಎರಡು ನಮೂನೆಗಳನ್ನು ಒಂದರ ಹಿಂದೆ ಒಂದು ಕೇಳಿಸಿ ಆಂತೋನ್ ನನಗೆ ಪಾಠ ಮಾಡುತ್ತಿದ್ದ.

"ಸ್ಟುಡಿಯೋದಲ್ಲಿ ಮಾಡಿದ ಹಾಡು ಅಂದ್ರೆ ಐಸ್ ಹಾಕಿದ ಮೀನು ಮಾರಾಯಾ. ಕೆಡೂದಿಲ್ಲ, ಆದ್ರೆ ಹಾರೂದೂ ಇಲ್ಲ. ಲೈವ್ ಅಂದ್ರೆ ಬುಟ್ಟೀಲಿ ಪಟಪಟ ಹಾರ್ತಾ ಇರೂ ಬಂಗುಡೆ."

ನಾನು ಭಕ್ತಿಯಿಂದ ತಲೆಯಾಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಆ ವ್ಯತ್ಯಾಸ ಅಷ್ಟಾಗಿ ತಿಳಿಯುತ್ತಿರಲಿಲ್ಲ. ತಾಳಜ್ಞಾನ ಎಂಬ ವಸ್ತು ನನ್ನ ಪಾಲಿಗೆ ಬಂದದ್ದೇ ಇಲ್ಲ. ಶಾಲೆಯಲ್ಲಿ ಪರೇಡು ಮಾಡುವಾಗ ಊರೆಲ್ಲ ಎಡಗಾಲು ಎತ್ತಿದರೆ ನನ್ನದು ಬಲಗಾಲು. ಭಜನೆಯಲ್ಲಿ ನನ್ನ ಕೈಗೆ ತಾಳ ಕೊಟ್ಟವರು ಮರುಕ್ಷಣವೇ ಬಂದು "ತಮಾ, ನೀ ಪ್ರಸಾದ ಹಂಚು" ಎಂದು ಅದನ್ನು ಇಸಿದುಕೊಂಡು ಹೋಗುತ್ತಿದ್ದರು. ಆದರೂ ಲೈವ್ ಕ್ಯಾಸೆಟ್ಟಿನ ಮೊದಲಿಗೆ ಜನ ಹೋ ಎಂದು ಮೊರೆಯುತ್ತಾರಲ್ಲ, ಅದು ಕೇಳಿದರೆ ನನ್ನ ಮೈ ಜುಂ ಅನ್ನುತ್ತಿತ್ತು. ಒಂದು ಸಲ ಅಂಕೋಲೆಯ ಮನೆಯಲ್ಲಿ ಅದನ್ನು ದೊಡ್ಡದಾಗಿ ಹಾಕಿದ್ದೆ. ಹಿತ್ತಲಲ್ಲಿದ್ದ ಆಯಿ, ಎಂದರೆ ನನ್ನ ಅಮ್ಮ, ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ಸಾರಿನ ಹುಳಿಗೆಂದು ಅಂಗಳದಲ್ಲಿ ಒಣಹಾಕಿದ್ದ ಮುರುಗಲ ಸಿಪ್ಪೆಯನ್ನೆಲ್ಲ ಸೆರಗಿಗೆ ಬಾಚಿಕೊಂಡಳು. ಆಮೇಲೆ ಮುಗಿಲು ನೋಡಿದಳು. ಒಂದು ಮೋಡ ಇರಲಿಲ್ಲ.

"ಎಲ್ಲಿ ಮಳೆ?" ಎಂದಳು.

"ಮಳೆ ಅಲ್ಲ ಆಯಿ. ಜನ ಹಾಡು ಕೇಳಿ ಕೂಗೂದು."

"ಹಾಡು ಕೇಳೂಕೆ ಬಂದವ್ರು ಸುಮ್ಮನೆ ಕೂತು ಕೇಳೂದು ಬಿಟ್ಟು ಕೂಗೂದು ಎಂತಕ್ಕೆ?" ಎಂದು ಆಯಿ ಮುರುಗಲ ಸಿಪ್ಪೆ ಮತ್ತೆ ಹರವಲು ಕೂತಳು.

ಆಂತೋನನದೇ ಒಂದು ಬ್ಯಾಂಡು ಇತ್ತು. ಹೆಸರು 'ಲಂಗರು'. ಅವನು ಹಾಡು, ಗಿಟಾರು. ಇನ್ನೊಬ್ಬ ಗಿಟಾರಿನವನಿದ್ದ, ಆಗಲೂ ಹೆಚ್ಚು ಮಾತಾಡುತ್ತಿರಲಿಲ್ಲವಾದ್ದರಿಂದ ಈ ಕತೆಯಲ್ಲೂ ಅವನನ್ನು ಸುಮ್ಮನೆ ಬಿಡೋಣ. ಡ್ರಮ್ಮಿಗೆ ಬೆಳಂಬಾರದ ನಾಮದೇವ. ನನ್ನನ್ನೂ ಬ್ಯಾಂಡಿನವನು ಎಂದೇ ಲೆಕ್ಕ ಹಿಡಿಯುತ್ತಿದ್ದರು. ಕಾರಣ, ನಮ್ಮ ಭಾವ ಮಸ್ಕತ್ತಿನಿಂದ ತಂದಿದ್ದ ಟೇಪ್ ರೆಕಾರ್ಡರ್. ಎರಡು ಸ್ಪೀಕರು, ನಡುವೆ ಕಾಳುಮೆಣಸಿನಷ್ಟು ದೊಡ್ಡ ತೂತಿನಲ್ಲಿ ಅದರದೇ ಮೈಕು, ಒತ್ತಿದರೆ ಹಲ್ಲು ಕಚ್ಚಿದಂತೆ ಕೂರುವ ಕೆಂಪು ಗುಂಡಿ. ಆ ಗುಂಡಿ ಒತ್ತುವುದೇ ನನ್ನ ಸಂಗೀತ ಸೇವೆ. ನಾನು ಆಗಷ್ಟೇ ಅಂಕೋಲೆಯ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಭಾನುವಾರ ಬಂತೆಂದರೆ ಟೇಪ್ ರೆಕಾರ್ಡರನ್ನು ಹಳೆಯ ಪಂಚೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಆಂತೋನನ ಶೆಡ್ಡಿನಲ್ಲಿ ನಡೆಯುವ ಅಭ್ಯಾಸಕ್ಕೆಂದು, ಕಾರವಾರದ ಬಸ್ಸಿಗೆ ಕೂರುತ್ತಿದ್ದೆ. ಪಕ್ಕದಲ್ಲಿ ನಾಮದೇವ, ಎದುರಿನ ಸೀಟಿನ ಬೆನ್ನಿಗೆ ಬೆರಳಿಂದ ಬಡಿಯುತ್ತ. ಎದುರು ಕೂತವರು ತಿರುಗಿ ನೋಡಿದರೆ ನಿಲ್ಲಿಸುತ್ತಿದ್ದ. ಅವರು ಮುಂದೆ ನೋಡಿದ್ದೇ ಮತ್ತೆ ಶುರು.

ನಾಮದೇವನ ಅಪ್ಪ ದಡದ ಬಲೆಯ ತಾಂಡೇಲರು. ದೋಣಿಗೂ ಬಲೆಗೂ ಎಳೆಯುವ ಜನಕ್ಕೂ ಯಜಮಾನನಂತೆ ಮುಂದೆ ನಿಲ್ಲುವವನಿಗೆ ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ದಡದ ಬಲೆ ಎಂದರೆ ಏಂಡಿ. ದೋಣಿಯೊಂದು ಬಲೆಯನ್ನು ಮೀನಿನ ಹಿಂಡಿನ ಸುತ್ತ ಅರ್ಧಚಂದ್ರದಂತೆ ಬಿಟ್ಟು ಬರುತ್ತದೆ. ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತವರು ಎಳೆಯಬೇಕು. ಆ ಎಳೆತಕ್ಕೆ ಒಂದು ಕೂಗು ಇದೆ. ತಾಂಡೇಲರು ಮೊದಲು ಕೂಗುತ್ತಾರೆ, ಅವರು ಬಿಟ್ಟ ಜಾಗದಲ್ಲಿ ಎಲ್ಲರೂ ಸೇರಿ 'ಐಸಾ' ಎಂದು ಜಗ್ಗುತ್ತಾರೆ. ತಾಂಡೇಲರ ಗಂಟಲು ಹೇಗಿತ್ತೆಂದರೆ, ಬೆಳಂಬಾರದಲ್ಲಿ ಅವರು ಕೂಗಿದರೆ ದೂರದ ಹೆದ್ದಾರಿಯ ಬಾಳೆಗುಳಿ ಕ್ರಾಸಿನಲ್ಲಿ ಲಾರಿಯವರು ಬ್ರೇಕು ಹಾಕುತ್ತಾರೆ ಎಂದು ಜನ ಚೇಷ್ಟೆ ಮಾಡುತ್ತಿದ್ದರು. ಕೂಗದ ಹೊತ್ತಿನಲ್ಲಿ ಮಾತ್ರ ಅವರದು ಕಮ್ಮಿ ಮಾತು. ಕೈಯಲ್ಲಿ ಸದಾ ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ.

ಮಗನ ಡ್ರಮ್ಮಿನ ವಿಷಯ ಬಂದರೆ ಅವರು ಹೇಳುತ್ತಿದ್ದದ್ದು ಒಂದೇ ಮಾತು. "ಅದನ್ನ ನಾ ಬಂದು ಕೇಳೂದು ಎಂತಾ? ಪಾತ್ರೆ ಬೀಳೂ ಸದ್ದು ಮನೇಲೇ ಅದೆಯಲ್ಲ." ಬೈದವರಲ್ಲ, ಬೇಡ ಎಂದವರಲ್ಲ. ಕೇಳಲು ಬರಲಿಲ್ಲ, ಅಷ್ಟೇ. ಕಾರವಾರದ ಕಡಲತೀರದಲ್ಲಿ ಲಂಗರು ಬಾರಿಸಿತು, ಬರಲಿಲ್ಲ. ಅಂಕೋಲೆ ಪೇಟೆಯಲ್ಲಿ ಬಾರಿಸಿತು, ಅಂದು ಅವರು ಪೇಟೆಯಲ್ಲೇ ಇದ್ದರು, ಹಗ್ಗ ಕೊಂಡು ಮನೆಗೆ ಹೋದರು. ನಾಮದೇವನಿಗೆ ಊರು ಹೊಗಳಿದರೆ ಅರ್ಧ ನಗು. ಒಮ್ಮೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದ್ದ, "ಒಂದೇ ಒಂದ್ಸಲ ಅಪ್ಪ ಕೇಳ್ಬೇಕು ಮಾಸ್ತರಾ. ಚಲೋ ಆಯ್ತು ಅಂದೇನೂ ಹೇಳೂದು ಬೇಡ. ಕೇಳಿದ್ರೆ ಸಾಕು."

ಹೀಗಿರುವಾಗ ಗೋವಾದ ಮಡಗಾಂವಿನ ಕಡೆ ಕಡಲತೀರದಲ್ಲಿ ಹೋಟೆಲು ಇಟ್ಟಿದ್ದ ಒಬ್ಬರು ಆಂತೋನನಿಗೆ ಹೇಳಿ ಕಳಿಸಿದರು: ನಿಮ್ಮದೊಂದು ಕ್ಯಾಸೆಟ್ ಕೊಡಿ, ಹಿಡಿಸಿದರೆ ಈ ಸೀಜನ್ನಿಗೆ ನಮ್ಮಲ್ಲೇ ಬಾರಿಸಿ. ಆದರೆ ಶೆಡ್ಡಿನಲ್ಲಿ ಕೂತು ಮಾಡಿದ್ದು ಬೇಡ, ಜನರ ಎದುರು ಬಾರಿಸಿದ್ದು ಬೇಕು. ಆಂತೋನ್ ಹಿಗ್ಗಿ ಹೀರೇಕಾಯಿಯಾದ. ನಾನು ಅವನಿಗಿಂತ ಹೆಚ್ಚು. ನನ್ನ ಕೆಂಪು ಗುಂಡಿಗೆ ಕಡೆಗೂ ಕಾಲ ಬಂದಿತ್ತಲ್ಲ.

ಅದೇ ವಾರ ಬೆಳಂಬಾರದ ಯುವಕ ಮಂಡಳದವರ ಸ್ನೇಹ ಸಮ್ಮೇಳನ ಇತ್ತು. ಕಡಲ ದಡದಲ್ಲೇ ಪೆಂಡಾಲು, ಬಿಸಿಲಿಳಿಯುವ ಹೊತ್ತಿಗೆ ಕಾರ್ಯಕ್ರಮ. ಆಗಷ್ಟೇ ಮಳೆಗಾಲ ಮುಗಿದು ಕಡಲು ತಣ್ಣಗಾಗಿತ್ತು. ಕಾರವಾರದವರು ಸಾಮಾನು ಹೇರಿಕೊಂಡ ಟೆಂಪೋದಲ್ಲಿ ಮಧ್ಯಾಹ್ನವೇ ಬಂದಿಳಿದರು. ನಾನು ಕ್ಯಾಸೆಟ್ ಸಮೇತ ಸಜ್ಜಾಗಿದ್ದೆ. ಹೊಸ ಕ್ಯಾಸೆಟ್ ಸಿಗದೆ ಅಕ್ಕನ ಮದುವೆಯದನ್ನೇ ತಂದಿದ್ದೆ. ಒಂದು ಕಡೆ ಅವಳ ಧಾರೆ, ಇನ್ನೊಂದು ಕಡೆ ಖಾಲಿ. ಅದರ ಬೆನ್ನಿಗೆ 'ಬೆಳಂಬಾರ ಲೈವ್' ಎಂದು ನನ್ನ ಚಂದದ ಅಕ್ಷರದಲ್ಲಿ ಮೊದಲೇ ಬರೆದೂ ಬಿಟ್ಟಿದ್ದೆ. ಹಸು ಈಯುವ ಮೊದಲೇ ಗಿಣ್ಣು ಹಂಚಿದ ಹಾಗೆ.

ಟೇಪ್ ರೆಕಾರ್ಡರ್ ಎಲ್ಲಿಡಬೇಕು ಎಂಬುದೇ ದೊಡ್ಡ ಚರ್ಚೆಯಾಯಿತು. ವೇದಿಕೆಯ ಹತ್ತಿರ ಇಟ್ಟು ನೋಡಿದೆವು. ನಾಮದೇವ ಒಂದು ಏಟು ಹಾಕಿದ್ದೇ ರೆಕಾರ್ಡರು ಗೊರಗೊರ ಎಂದು ಗಂಟಲು ಹರಿದುಕೊಂಡಿತು. ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ ಹಿಂದೆ ಎಂದು ಸರಿಯುತ್ತ ಸರಿಯುತ್ತ ನಾನು ಜನರ ಬೆನ್ನಿಗೆ ಬಂದು ಮುಟ್ಟಿದೆ. ಅಲ್ಲಿ ಕಡಲಿಗಿಳಿಯುವುದನ್ನು ಬಿಟ್ಟ ಒಂದು ಹಳೆಯ ದೋಣಿ ಮರಳಲ್ಲಿ ಕವುಚಿ ಬಿದ್ದಿತ್ತು. ಅದರ ಮೇಲೆ ಪಂಚೆ ಹಾಸಿ ರೆಕಾರ್ಡರನ್ನು ಕೂರಿಸಿದೆ. ಜನರ ಗದ್ದಲ, ಬ್ಯಾಂಡಿನ ಸದ್ದು, ಎರಡೂ ಹದವಾಗಿ ಕೇಳುವ ಜಾಗ ಅದೇ ಎಂದು ಎಲ್ಲರೂ ಒಪ್ಪಿದರು.

ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ತಾಂಡೇಲರು ಬಂದರು. ಪೆಂಡಾಲಿನ ಒಳಗೆ ಬರಲಿಲ್ಲ. ಕವುಚಿದ ದೋಣಿಗೆ ಸೊಂಟ ಆನಿಸಿ, ವೇದಿಕೆಗೆ ಬೆನ್ನು ಕೊಟ್ಟು, ಕಡಲ ಕಡೆ ಮುಖ ಮಾಡಿ ನಿಂತರು.

"ತಾಂಡೇಲರೇ, ಹಾಡು ಆ ಬದಿಗೆ" ಎಂದೆ.

"ಗೊತ್ತದೆ ಮಾಸ್ತರ್ರೇ. ಕಿವಿಗೆ ಎಡ ಬಲ ಎಂತದು?" ಎಂದರು. ಡಬ್ಬಿ ತೆಗೆದರು. ನಾನು ಕೆಂಪು ಗುಂಡಿ ಒತ್ತಿ ಮುಂದಕ್ಕೆ ಓಡಿದೆ.

ವೇದಿಕೆಯ ಮೇಲಿಂದ ನಾಮದೇವ ಅಪ್ಪನನ್ನು ನೋಡಿದ್ದ. ಕೋಲು ಕೈಯಲ್ಲಿ ಸುಮ್ಮನೆ ತಿರುಗುತ್ತಿತ್ತು. ಕಿವಿಯ ತುದಿ ಕೆಂಪಾಗಿತ್ತು. ಮೊದಲೆರಡು ಹಾಡಿಗೇ ಹುಡುಗರೆಲ್ಲ ಎದ್ದು ಕುಣಿಯತೊಡಗಿದರು. ಮುದುಕಿಯರು ಕಿವಿಗೆ ಸೆರಗು ಒತ್ತಿಕೊಂಡು, ಆದರೂ ಎದ್ದು ಹೋಗದೆ, ಕೂತಿದ್ದರು. ಮೂರನೆಯದು ಲಂಗರಿನದೇ ಹಾಡು, ಅರ್ಧ ಕೊಂಕಣಿ, ಅರ್ಧ ಕನ್ನಡ. ಅದರ ನಡುವೆ ಗಿಟಾರುಗಳೆಲ್ಲ ಸುಮ್ಮನಾಗಿ ನಾಮದೇವ ಒಬ್ಬನೇ ಬಾರಿಸುವ ಒಂದು ಭಾಗ ಇತ್ತು. ಅಂದು ಅವನು ಬಾರಿಸಿದ್ದು ಹೇಗೆಂದು ನನಗೆ ವರ್ಣಿಸಲು ಬರುವುದಿಲ್ಲ. ಬಾರಿಸುತ್ತಿದ್ದ, ಥಟ್ಟನೆ ಒಂದು ಜಾಗ ಖಾಲಿ ಬಿಡುತ್ತಿದ್ದ, ಮತ್ತೆ ಬಾರಿಸುತ್ತಿದ್ದ. ಆ ಖಾಲಿ ಜಾಗದಲ್ಲಿ ನಮ್ಮ ಉಸಿರು ಸಿಕ್ಕಿಕೊಳ್ಳುತ್ತಿತ್ತು. ತಾಳ ತಿಳಿಯದ ನನಗೂ ಕಣ್ಣಲ್ಲಿ ನೀರು ಬಂತು. ಇದು, ಇದೇ, ಹಾರುವ ಬಂಗುಡೆ ಅಂದುಕೊಂಡೆ.

ಆಗ ಹಿಂದಿನಿಂದ ತಾಂಡೇಲರ ಕೂಗು ಬಂತು.

"ಮೀನು ಕಂಡ್ತೋ! ದೋಣಿ ನೂಕ್ರೋ!"

ಬೇರೆ ಊರಾಗಿದ್ದರೆ ಏನಾಗುತ್ತಿತ್ತೋ. ನಾಲ್ಕು ಜನ ತಿರುಗಿ 'ಶ್' ಅನ್ನುತ್ತಿದ್ದರೇನೋ. ಬೆಳಂಬಾರದಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಪೆಂಡಾಲು ಖಾಲಿಯಾಯಿತು. ಕುಣಿಯುತ್ತಿದ್ದವರು ಕುಣಿಯುತ್ತಿದ್ದ ಕಾಲಲ್ಲೇ ಓಡಿದರು. ಅಧ್ಯಕ್ಷತೆ ವಹಿಸಿದ್ದವರು ಹಾರ ಕುರ್ಚಿಯ ಮೇಲಿಟ್ಟು ಪಂಚೆ ಎತ್ತಿ ಕಟ್ಟಿದರು. ದೂರದ ನೀರಿನ ಮೇಲೆ ಕಪ್ಪಗೆ ನೆರಳಾಡಿದಂತೆ ಬಂಗುಡೆಯ ಹಿಂಡು. ಮೇಲೆ ಹಕ್ಕಿಗಳ ಕಿರುಚಾಟ. ದೋಣಿ ಬಲೆ ಬಿಟ್ಟು ಬಂದಿದ್ದೇ ಎರಡೂ ಹಗ್ಗಕ್ಕೆ ಊರೇ ಕೈ ಹಾಕಿತು. ಆಂತೋನ್ ಗಿಟಾರನ್ನು ಬೆನ್ನಿಗೆ ಸರಿಸಿಕೊಂಡು ಹಗ್ಗ ಹಿಡಿದ. ನಾನು ಯಾಕೆ ಓಡಿದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಆ ಕೂಗಿಗೆ ನಿಲ್ಲುವ ಕಾಲು ನನಗೆ ದೇವರು ಕೊಟ್ಟಿಲ್ಲ. ತಾಂಡೇಲರು ನೀರಿನಂಚಲ್ಲಿ ನಿಂತು ಕೂಗಿದರು.

"ಜಗ್ಗಿ ಬಿಡ್ರೋ ತಮಾ..."

"ಐಸಾ!"

"ಬೆಳ್ಳಿ ಬಂತೋ ಬಾಗಿಲಿಗೆ..."

"ಐಸಾ!"

ಜನ್ಮದಲ್ಲಿ ಮೊದಲ ಸಲ ನನ್ನ ಕೈ ಎಲ್ಲರ ಕೈಯ ಜತೆ ಸರಿಯಾಗಿ ಬಿತ್ತು. ಅಂಗೈ ಚರ್ಮ ಸುಲಿಯಿತು. ಮರುದಿನ ಸೀಮೆಸುಣ್ಣ ಹಿಡಿಯಲಾಗದೆ ಮಕ್ಕಳಿಗೆ ಬಾಯಿಪಾಠ ಹೇಳಿಸಿದೆ.

ತಿರುಗಿ ನೋಡಿದರೆ ನಾಮದೇವ ಮಾತ್ರ ವೇದಿಕೆಯ ಮೇಲೆ, ಡ್ರಮ್ಮುಗಳ ನಡುವೆ, ಕೋಲು ಹಿಡಿದು ಹಾಗೆಯೇ ಕೂತಿದ್ದ.

ಬಲೆ ದಡಕ್ಕೆ ಬಂದ ಮೇಲೆ ಪಾಲು ಹಾಕುವುದು ತಾಂಡೇಲರ ಕೆಲಸ. ದೋಣಿಗೊಂದು ಪಾಲು, ಬಲೆಗೊಂದು ಪಾಲು, ಹಗ್ಗಕ್ಕೆ ಕೈ ಹಾಕಿದ ಪ್ರತಿಯೊಬ್ಬನಿಗೂ ಪಾಲು. ದಾರಿಹೋಕನಾದರೂ ಸರಿ, ಎಳೆದಿದ್ದರೆ ಅವನಿಗೂ ಉಂಟು. ಎಳೆಯದಿದ್ದರೆ ತಾಂಡೇಲರ ಮಗನಾದರೂ ಇಲ್ಲ. ಆಂತೋನನಿಗೆ ಸಿಕ್ಕಿತು, ನನಗೆ ಸಿಕ್ಕಿತು, ಅಧ್ಯಕ್ಷರಿಗೆ ಸಿಕ್ಕಿತು. ತಾಂಡೇಲರು ವೇದಿಕೆಯ ಕಡೆ ಒಮ್ಮೆ ನೋಡಿದರು. ಖಾಲಿ ಬುಟ್ಟಿಯನ್ನು ಕವುಚಿ ಹಾಕಿದರು.

"ನಾಮದೇವಂಗೆ?" ಎಂದೆ ನಾನು.

"ಹಗ್ಗ ಹಿಡಿಯದವಂಗೆ ಪಾಲಿಲ್ಲ ಮಾಸ್ತರ್ರೇ. ಮೊದಲಿಂದ ಬಂದದ್ದು" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಸೋತ ದನಿಯಿಂದಲೂ ಅಲ್ಲ. ಇವತ್ತು ಸೋಮವಾರ ಎನ್ನುವ ಹಾಗೆ ಹೇಳಿದರು.

ನಾಮದೇವ ಡ್ರಮ್ಮು ಬಿಚ್ಚುತ್ತಿದ್ದ. "ಒಂದ್ ಹಾಡು" ಎಂದ. "ಒಂದ್ ಹಾಡು ಮುಗಿಯೂವರೆಗೆ ತಡೀಬಹುದಿತ್ತು. ಕೇಳೂಕೆ ಬರ್ಲೇ ಇಲ್ಲ ಮಾಸ್ತರಾ ಅಪ್ಪ. ಮೀನು ಕಾಯೂಕೆ ಬಂದಂವ."

ಕಡಲಿಗೆ ಮುಖ ಮಾಡಿ ನಿಂತದ್ದನ್ನು ನಾನೇ ನೋಡಿದ್ದೆನಲ್ಲ. ಕೈಯಲ್ಲಿ ಹಾರುತ್ತಿದ್ದ ಬಂಗುಡೆಯನ್ನು ಕೆಳಗಿಟ್ಟು ಡ್ರಮ್ಮಿನ ಇನ್ನೊಂದು ತುದಿ ಹಿಡಿದೆ.

ಟೇಪ್ ರೆಕಾರ್ಡರು ಪಾಪ, ಯಾರೂ ನಿಲ್ಲಿಸದೆ, ಕ್ಯಾಸೆಟ್ಟು ಮುಗಿಯುವ ತನಕ ದೋಣಿಯ ಮೇಲೆ ತನ್ನ ಪಾಡಿಗೆ ತಿರುಗಿತ್ತು. ಮಾರನೆಯ ಭಾನುವಾರ ಹಾಕಿ ಕೇಳಿದೆವು. ಎರಡೂಮುಕ್ಕಾಲು ಹಾಡು, ಕೂಗು, ಓಟದ ಸದ್ದು, ಬಹಳ ಹೊತ್ತು ಬರೀ ಕಡಲು, ಕಡೆಗೆ ದೂರದಿಂದ ಐಸಾ ಐಸಾ. ಅದೂ ಹೋಗಲಿ ಎಂದರೆ ಹಾಡುಗಳ ಉದ್ದಕ್ಕೂ ಹತ್ತಿರದಲ್ಲೇ ಟಕ್ ಟಕ್ ಎಂದು ಏನೋ ಸದ್ದು. ಮಡಗಾಂವಿನವರಿಗೆ ಕಳಿಸಿದ್ದಕ್ಕೆ ಅವರು ಕ್ಯಾಸೆಟ್ ವಾಪಸು ಕೊಡುತ್ತ ಆಂತೋನನನ್ನು ಕೇಳಿದರಂತೆ, "ಪದ್ ಬರೆಂ ಆಸಾ, ಪುಣ್ ಹೆಂ ಟಕ್ ಟಕ್ ಕಿತೆಂ?" ಹಾಡೇನೋ ಚೆನ್ನಾಗಿದೆ, ಈ ಟಕ್ ಟಕ್ ಏನು ಎಂದು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಂಕೋಲೆಯಲ್ಲಿ ರೇಡಿಯೋ ರಿಪೇರಿಯವನ ಹತ್ತಿರ ಒಯ್ದೆ. ಅವನು ಬಿಚ್ಚಿ, ಊದಿ, ಒರೆಸಿ, ಬೇರೆ ಕ್ಯಾಸೆಟ್ ಹಾಕಿ ಕೇಳಿಸಿದ. ಟಕ್ ಇಲ್ಲ, ಗಿಕ್ ಇಲ್ಲ. "ಮಶೀನು ಸಾಫ್ ಅದೆ" ಎಂದ. ನಾನು ನಂಬಲಿಲ್ಲ. ಮಸ್ಕತ್ತಿನ ಮಶೀನಿಗೆ ಬೆಳಂಬಾರದ ಉಪ್ಪುಗಾಳಿ ಹಿಡಿಸಿಲ್ಲ ಎಂದು ತೀರ್ಮಾನ ಮಾಡಿಬಿಟ್ಟೆ.

ಬ್ಯಾಂಡು ಜಗಳವಾಗಿ ಮುರಿಯಲಿಲ್ಲ. ಭಾನುವಾರಗಳು ಒಂದೊಂದಾಗಿ ಬೇರೆ ಕೆಲಸಕ್ಕೆ ಹೋದವು, ಅಷ್ಟೇ. ಆಂತೋನ್ ಮದುವೆಮನೆಗಳಲ್ಲಿ ಬಾರಿಸುತ್ತಾನೆ. ನಾಮದೇವ ಮೀನಿನ ಟೆಂಪೋ ಇಟ್ಟ. ಮದುವೆಯಾಯಿತು, ಮಗಳು ಹುಟ್ಟಿದಳು. ಅಪ್ಪ ಮಗ ಒಂದೇ ಮನೆಯಲ್ಲಿ ಚೆನ್ನಾಗಿಯೇ ಇದ್ದರು. ಆ ಸಂಜೆಯ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಹತ್ತು ಹನ್ನೆರಡು ವರ್ಷ ಕಳೆಯುವ ಹೊತ್ತಿಗೆ ಕ್ಯಾಸೆಟ್ಟುಗಳ ಕಾಲವೂ ಮುಗಿದಿತ್ತು. ನನ್ನ ಶಾಲೆಯ ಹುಡುಗರೇ ಮೊಬೈಲಿನಲ್ಲಿ ಹಾಡು ತುಂಬಿಕೊಂಡು ಓಡಾಡುತ್ತಿದ್ದರು. ಒಂದು ದಿನ ನಾಮದೇವ ಟೆಂಪೋ ನಿಲ್ಲಿಸಿ ಮನೆಗೆ ಬಂದ. ಚಾ ಕೊಟ್ಟರೆ ಕುಡಿಯದೆ ಲೋಟ ತಿರುಗಿಸುತ್ತ ಕೂತ. ತಾಂಡೇಲರಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋದದ್ದು, ಮಾತು ಪೂರಾ ನಿಂತದ್ದು ನನಗೆ ಗೊತ್ತಿತ್ತು. ಹೋಗಿ ನೋಡಿ ಬಂದಿದ್ದೆ.

"ಮಾಸ್ತರಾ, ಆ ಕ್ಯಾಸೆಟ್ ಅದೆಯಾ?"

"ಯಾವುದು?"

"ಯಾವುದಂದ್ರೆ? ನಮ್ದು. ಅದ್ರಲ್ಲಿ ಅಪ್ಪನ ಕೂಗು ಅದೆಯಲ್ಲ." ಲೋಟ ಕೆಳಗಿಟ್ಟ. "ಮಗಳು ಕೇಳ್ತಾಳೆ, ಅಜ್ಜಂಗೆ ಮಾತು ಇತ್ತಾ ಅಂತ. ಇತ್ತು ಅಂದ್ರೆ ನಂಬೂದಿಲ್ಲ. ಎಲ್ಲಾ ಹುಡುಕ್ದೆ. ಅಪ್ಪನ ಸ್ವರ ಎಲ್ಲೂ ಇಲ್ಲ ಮಾರಾಯಾ. ಅದೊಂದ್ರಲ್ಲೇ ಇರೂದು."

ತನ್ನ ಹಾಡು ಕೆಡಿಸಿದ ಕೂಗನ್ನು ಹುಡುಕಿಕೊಂಡು ಬಂದಿದ್ದ. ಅಟ್ಟ ಹತ್ತಿದೆ. ಅಕ್ಕನ ಧಾರೆಯ ದೆಸೆಯಿಂದ ಆಯಿ ಅದನ್ನು ಎಸೆದಿರಲಿಲ್ಲ. ಆದರೆ ಟೇಪಿನ ಮೇಲೆಲ್ಲ ಬೂಷ್ಟು ಹಿಡಿದು ಬೆಳ್ಳಗೆ ಹಿಟ್ಟು ಹಾಕಿದ ಹಾಗಿತ್ತು. ಅದೇ ರಿಪೇರಿಯವನ ಹತ್ತಿರ ಓಡಿದೆವು. ಅವನೀಗ ಮೊಬೈಲ್ ರಿಪೇರಿ ಮಾಡುತ್ತಿದ್ದ. ಆದರೂ ಹಳೆಯ ಸ್ನೇಹಕ್ಕೆ ರೆಕಾರ್ಡರಿಗೆ ಬೇರೆ ಬೆಲ್ಟು ಹುಡುಕಿ ಹಾಕಿದ, ಟೇಪನ್ನು ಹತ್ತಿಯಿಂದ ಒರೆಸಿದ. "ಟೇಪು ಜೀರ್ಣ ಆಗ್ಯದೆ. ಒಂದ್ಸಲ ಓಡ್ತದೋ, ಕಡೀತದೋ. ಇಲ್ಲಿ ಹಾಕಿ ನೋಡೂದು ಬೇಡ, ಅಲ್ಲೇ ಹಾಕಿ" ಎಂದ.

ಬೆಳಂಬಾರದ ಮನೆಯ ಜಗುಲಿಯಲ್ಲಿ ತಾಂಡೇಲರು ಮರದ ಮಂಚದ ಮೇಲೆ ಮಲಗಿದ್ದರು. ಹಿಡಿದು ಏಳಲು ಅನುಕೂಲವಾಗಲಿ ಎಂದು ಕಾಲ ಬುಡದ ಕಂಬಕ್ಕೆ ಬಲೆಯ ಹಗ್ಗದ ತುಂಡೊಂದನ್ನು ಕಟ್ಟಿ ಎಡಗೈಗೆ ಎಟುಕುವಂತೆ ಬಿಟ್ಟಿದ್ದರು. ಡಾಕ್ಟರು ತಂಬಾಕು ಬಿಡಿಸಿದ್ದರು. ಆದರೂ ಸುಣ್ಣದ ಡಬ್ಬಿ ಕೈಯಲ್ಲೇ ಇತ್ತು, ಖಾಲಿ. ನಾನು ರೆಕಾರ್ಡರನ್ನು ಸ್ಟೂಲಿನ ಮೇಲಿಟ್ಟೆ. ನಾಮದೇವ ತನ್ನ ಮೊಬೈಲನ್ನು ರೆಕಾರ್ಡಿಗೆ ಹಾಕಿ ಪಕ್ಕದಲ್ಲಿಟ್ಟ. ಮಗಳು ಅಜ್ಜನ ಕಾಲ ಬಳಿ ಹತ್ತಿ ಕೂತಳು.

"ಮಶೀನು ಸರಿ ಇಲ್ಲ ತಾಂಡೇಲರೇ, ಟಕ್ ಟಕ್ ಬರ್ತದೆ, ಬೇಜಾರು ಮಾಡ್ಕಳಬೇಡಿ" ಎಂದು ಮೊದಲೇ ಹೇಳಿ ಗುಂಡಿ ಒತ್ತಿದೆ.

ಓಡಿತು. ಆಂತೋನನ ದನಿ ಬಾವಿಯೊಳಗಿಂದ ಬಂದಂತೆ ಬಂತು. ಗಿಟಾರು ಸೊಳ್ಳೆಯ ಹಾಗೆ. ಅಂದು ನಮ್ಮ ಎದೆ ಗುದ್ದಿದ ಡ್ರಮ್ಮು ಇಲ್ಲಿ ಯಾರೋ ಪಕ್ಕದ ಮನೆಯಲ್ಲಿ ತಗಡು ಬಡಿದಂತೆ. ಇದರಲ್ಲಿ ಆ ಸಂಜೆ ಎಲ್ಲಿದೆ ಅನ್ನಿಸಿ ನನಗೆ ಅಳುವೇ ಬಂತು. ಟಕ್ ಟಕ್ ಮಾತ್ರ ಸ್ವಚ್ಛವಾಗಿ, ಕಿವಿಯ ಪಕ್ಕದಲ್ಲೇ. ಮೊದಲ ಹಾಡು ಮುಗಿಯಿತು, ಎರಡನೆಯದು ಮುಗಿಯಿತು. ಮೂರನೆಯದರಲ್ಲಿ ನಾಮದೇವನ ಭಾಗ ಬಂತು. ಟಕ್ ಟಕ್ ಇನ್ನೂ ಜೋರಾಗಿ ಕೇಳತೊಡಗಿತು. ಮಶೀನು ಕೆಟ್ಟಿತಪ್ಪಾ ಎಂದು ನಾನು ಗುಂಡಿಗೆ ಕೈ ಚಾಚಿದೆ.

ನಾಮದೇವ ನನ್ನ ಕೈ ಹಿಡಿದ. "ತಡಿ ಮಾಸ್ತರಾ."

ಅವನು ರೆಕಾರ್ಡರನ್ನು ನೋಡುತ್ತಿರಲಿಲ್ಲ. ಅಪ್ಪನ ಎಡಗೈ ನೋಡುತ್ತಿದ್ದ. ತಾಂಡೇಲರು ಸುಣ್ಣದ ಡಬ್ಬಿಯಿಂದ ಮಂಚದ ಮರಕ್ಕೆ ಬಡಿಯುತ್ತಿದ್ದರು. ಟೇಪಿನಲ್ಲೊಂದು ಟಕ್, ಮಂಚದಲ್ಲೊಂದು ಟಕ್. ಎರಡೂ ಒಂದೇ ಹೊತ್ತಿಗೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ.

"ನಾ ಬಿಟ್ಟ ಜಾಗದಲ್ಲೇ ಬೀಳ್ತಾ ಅದೆ" ಎಂದ ನಾಮದೇವ, ಪಿಸುಗುಟ್ಟುವಷ್ಟು ಸಣ್ಣಗೆ. "ನೋಡು... ಈಗ... ನಾ ಖಾಲಿ ಬಿಟ್ಟಲ್ಲೆಲ್ಲಾ ಅಪ್ಪ ತುಂಬ್ಸಿದಾನೆ."

ಆಗ ನನ್ನ ಮಂಡೆಗೂ ಹೊಳೆಯಿತು. ರೆಕಾರ್ಡರು ಇದ್ದದ್ದು ಅವರು ಆನಿಸಿ ನಿಂತ ದೋಣಿಯ ಮೇಲೆ. ಇಡೀ ಹೊತ್ತು, ಮುಖ ಕಡಲಿಗಿದ್ದರೂ, ಮೊದಲ ಏಟಿನಿಂದ ಅವರು ದೋಣಿಯ ಹಲಗೆಗೆ ಡಬ್ಬಿ ಬಡಿಯುತ್ತ ಮಗನ ಜತೆ ಬಾರಿಸುತ್ತಿದ್ದರು. ಬಲೆ ಜಗ್ಗುವವರು ತಾಂಡೇಲನ ಕೂಗಿಗೆ ಓಗೊಡುತ್ತಾರಲ್ಲ, ಹಾಗೆ.

ಟೇಪಿನಲ್ಲಿ ಒಂದು ಟಕ್ ತಪ್ಪಿತು. ಮಂಚದ ಮೇಲಿನ ಕೈಯೂ ನಿಂತಿತು. ತಾಂಡೇಲರು ಜಗುಲಿಯಾಚೆ ಕಡಲಿನ ಕಡೆ ಕಣ್ಣು ಹಾಯಿಸಿದರು. ಮತ್ತೆ ಬಡಿದರು. ಮತ್ತೆ ನಿಲ್ಲಿಸಿದರು, ಟೇಪಿನಲ್ಲೂ ಹಾಗೆಯೇ. ಮತ್ತೆ ಬಡಿದರು. ಮೀನು ಕಂಡ ಮೇಲೂ ಅವರು ತಡೆದಿದ್ದರು. ಹಿಂಡು ದಾಟಿಹೋಗುತ್ತದೆಂದು ಗೊತ್ತಿದ್ದೂ, ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎಂದು, ತಡೆಯುವಷ್ಟು ತಡೆದಿದ್ದರು. ಆಮೇಲೆ ಡಬ್ಬಿಯನ್ನು ಹಾಸಿಗೆಯ ಮೇಲೆ ಇಟ್ಟರು.

"ಮೀನು ಕಂಡ್ತೋ! ದೋಣಿ ನೂಕ್ರೋ!"

ಜಗುಲಿ ನಡುಗಿತು. ಮಗು ಬೆಚ್ಚಿ, "ಅದ್ಯಾರು?" ಎಂದಿತು.

"ನಿನ್ನ ಅಜ್ಜ" ಎಂದ ನಾಮದೇವ. ಅವನ ಮುಖ ಪೂರಾ ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ.

ಆಮೇಲೆ ಬಹಳ ಹೊತ್ತು ಬರೀ ಕಡಲು. ಯಾರೂ ಏಳಲಿಲ್ಲ. ಕಡೆಗೆ ದೂರದಿಂದ "ಜಗ್ಗಿ ಬಿಡ್ರೋ ತಮಾ" ಬಂತು. ತಾಂಡೇಲರ ಎಡಗೈ ಕಂಬದ ಹಗ್ಗಕ್ಕೆ ಹೋಯಿತು. ಜಗ್ಗಿದರು. ಏಳಲು ಆಗಲಿಲ್ಲ. ಇನ್ನೊಮ್ಮೆ ಜಗ್ಗಿದರು. ನಾಮದೇವ ಎದ್ದವನೇ ಮಂಚದ ಪಕ್ಕ ಕೂತು ಅದೇ ಹಗ್ಗವನ್ನು ಅಪ್ಪನ ಕೈಯ ಮುಂದೆ ಹಿಡಿದ.

"ಬೆಳ್ಳಿ ಬಂತೋ ಬಾಗಿಲಿಗೆ..."

"ಐಸಾ!" ಎಂದ ನಾಮದೇವ. ಒಳಗಿಂದ ಅವನ ತಾಯಿ ಅಂದರು, ಹೆಂಡತಿ ಅಂದಳು, ಮಗು ಎಲ್ಲರಿಗಿಂತ ಜೋರಾಗಿ ಅಂದಿತು. ನಾನೂ ಅಂದೆ, ಯಥಾಪ್ರಕಾರ ಒಂದು ಗಳಿಗೆ ತಡವಾಗಿ. ತಾಂಡೇಲರು ಮಗನ ಹೆಗಲಿಗೆ ಆನಿಕೊಂಡು ಎದ್ದು ಕೂತರು. ಬಾಯಿ ತೆರೆದಿತ್ತು, ಸ್ವರ ಇಲ್ಲ. ಸ್ವರ ಸ್ಟೂಲಿನ ಮೇಲಿಂದ ಬರುತ್ತಿತ್ತು. ಅಷ್ಟರಲ್ಲಿ ಟೇಪು ಪಟ್ಟೆಂದು ಕಡಿಯಿತು.

ಯಾರಿಗೂ ಬೇಜಾರಾಗಲಿಲ್ಲ. ನಾಮದೇವ ಮೊಬೈಲ್ ನೋಡಿ ಎಲ್ಲ ಬಂದಿದೆ ಎಂದು ತಲೆಯಾಡಿಸಿ, ಅದನ್ನು ಆರಿಸಿ ಕಿಸೆಗೆ ಹಾಕಿಕೊಂಡ. ಅದರಲ್ಲಿ ಒಂದು ಕಡೆ ನಾನು ಕೆಮ್ಮಿದ್ದೂ ಇದೆಯಂತೆ. ಅವತ್ತಿನಿಂದ ಯಾರ ಕ್ಯಾಸೆಟ್ಟಿನಲ್ಲಿ ಕೆಮ್ಮು ಕೇಳಿದರೂ, ಅಲ್ಲೊಬ್ಬ ಬೆನ್ನು ಮಾಡಿ ನಿಂತು ಕೇಳುತ್ತಿದ್ದಾನೆ ಅನ್ನಿಸುತ್ತದೆ ನನಗೆ.

ಊಟಕ್ಕೆ ಜಗುಲಿಯಲ್ಲೇ ಬಡಿಸಿದರು. ತಾಂಡೇಲರ ತಟ್ಟೆಯಲ್ಲಿ ಹುರಿದ ಬಂಗುಡೆ ಇತ್ತು. ಸೊಸೆ ಮುಳ್ಳು ಬಿಡಿಸಲು ಕೈ ಹಾಕಿದಳು. ಅವರು ಅವಳ ಕೈ ಸರಿಸಿದರು. ಎಡಗೈಯಿಂದ, ಅನ್ನ ಚೆಲ್ಲುತ್ತ, ಆ ಬಂಗುಡೆಯನ್ನು ಇಡಿಯಾಗಿ ಎತ್ತಿ ಪಕ್ಕದಲ್ಲಿ ಕೂತ ನಾಮದೇವನ ತಟ್ಟೆಗೆ ಹಾಕಿದರು.

ಹಗ್ಗಕ್ಕೆ ಕೈ ಹಾಕಿದ ಮೇಲೆ ಪಾಲು.